ಇಲ್ಲಿ ಕಂಪ್ಯೂಟರ್ ಇದೆ

ನಮ್ಮೂರಿನಲ್ಲಿ ಯಾರೂ ತಮ್ಮ ಅಂಗಡಿಗೆ ತಾವೇ ಬೋರ್ಡು ಬರೆಸಿಕೊಳ್ಳುವಂತಿಲ್ಲ. ಬರೆಸಿಕೊಂಡರೆ ಯಾರೂ ದಂಡ ಹಾಕುವುದಿಲ್ಲ, ಬೆಳಗಾಗುವಷ್ಟರಲ್ಲಿ ಅಕ್ಷರಗಳು ಹೋಗಿರುತ್ತವೆ, ಅಷ್ಟೆ. ಎದುರುಗಡೆ ಯಾರಿದ್ದಾರೋ ಅವರು ಹೇಳಿದ ಮಾತು ಮಾತ್ರ ನಿಲ್ಲುತ್ತದೆ, ಅದೂ ಮನಸಾರೆ ಹೇಳಿದ್ದರೆ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಎದುರಾಗಿ ದನದ ಆಸ್ಪತ್ರೆ ಇದೆ. ಅಲ್ಲಿನ ಕಾಂಪೌಂಡರ್ ಹೇಳಿ ಬರೆಸಿದ ಬೋರ್ಡು ಹೀಗಿದೆ: 'ಇಡ್ಲಿ ಮೃದು. ಸಾಂಬಾರಿನ ಬಗ್ಗೆ ನಾನು ಏನೂ ಹೇಳುವುದಿಲ್ಲ.' ಜನ ಚಟ್ನಿ ಹಾಕಿಸಿಕೊಂಡು ತಿಂದು ಹೋಗುತ್ತಾರೆ. ಹಲ್ಲಿನ ಡಾಕ್ಟರ ಬಗ್ಗೆ ಎದುರಿನ ಹೂವಿನಂಗಡಿಯಾಕೆ 'ಒಳ್ಳೆಯವರು. ಕೂಗಾಟ ಕೇಳಿಸುತ್ತದೆ' ಎಂದಿದ್ದಾಳೆ. ಮಿಠಾಯಿ ಅಂಗಡಿಯವನೂ ಕ್ಷೌರದ ಅಂಗಡಿಯವನೂ ಒಬ್ಬರನ್ನೊಬ್ಬರು ಹೊಗಳುವುದೆಂದು ಒಳಗೊಳಗೇ ಮಾತಾಡಿಕೊಂಡಿದ್ದಾರೆ. ಇಬ್ಬರ ಬೋರ್ಡೂ ಎಷ್ಟು ಮಂಕಾಗಿವೆಯೆಂದರೆ ಕನ್ನಡಕ ಇದ್ದವರೂ ಹತ್ತಿರ ಹೋಗಿ ಓದಬೇಕು. ಹತ್ತಿರ ಹೋಗಿ ಓದಿದವರು ನಕ್ಕು ವಾಪಸ್ ಬರುತ್ತಾರೆ. ಅಂಗಡಿ ಬಾಡಿಗೆಗೆ ಹಿಡಿಯುವವರು ನಮ್ಮಲ್ಲಿ ಗೋಡೆ, ಬಾಗಿಲು ನೋಡುವ ಮೊದಲು ಎದುರಿನವರ ಮುಖ ನೋಡುತ್ತಾರೆ.

ಇಂಥ ಊರಿನಲ್ಲಿ ನಾನು ಗ್ರಾಫಿಕ್ ಡಿಸೈನರ್ ಆಗಲು ಹೊರಟೆ. ನಗುವವರು ನಗಬಹುದು, ಮನೆಯವರೆಲ್ಲ ಆಗಲೇ ನಕ್ಕಾಗಿದೆ.

ಹೊರಗಿನ ಊರಿನಲ್ಲಿ ಆರು ತಿಂಗಳು ಕೋರ್ಸು ಮುಗಿಸಿ ಬಂದೆ. ಅಜ್ಜಿ ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಅವಳ ಮನೆಯ ಮುಂದಿನ ಕೋಣೆ ನನ್ನ ಆಫೀಸಾಯಿತು. ಕಂಪ್ಯೂಟರ್ ಮಾತ್ರ ಭಾವನವರದು. ಅಕ್ಕನ ಗಂಡ ಚಿದಂಬರ ಭಾವ ನಟ್ಟು ಬೋಲ್ಟಿನ ಅಂಗಡಿ ಇಟ್ಟಿದ್ದಾರೆ. ಮನುಷ್ಯ ಕೆಟ್ಟವರಲ್ಲ, ಆದರೆ ಜಗತ್ತಿನಲ್ಲಿ ಇರುವ ಎಲ್ಲವನ್ನೂ ಸೈಜು ನೋಡಿ ಒಂದೊಂದು ಡಬ್ಬಕ್ಕೆ ಹಾಕುವ ತನಕ ಅವರಿಗೆ ಸಮಾಧಾನವಿಲ್ಲ. ನನ್ನನ್ನು ಯಾವ ಡಬ್ಬಕ್ಕೆ ಹಾಕುವುದೆಂದು ಹತ್ತು ವರ್ಷದಿಂದ ಯೋಚಿಸುತ್ತಿದ್ದರು.

"ನೋಡು ವತ್ಸಲಾ, ಆಯುಧಪೂಜೆ ತನಕ ಟೈಮ್ ಕೊಡ್ತೀನಿ," ಎಂದರು. "ಅಷ್ಟರೊಳಗೆ ಹತ್ತು ಗಿರಾಕಿ ತೋರಿಸು. ತೋರಿಸಿದ್ರೆ ಕಂಪ್ಯೂಟರ್ ನಿಂದೇ. ಇಲ್ದಿದ್ರೆ ಅದರ ಜೊತೆ ನೀನೂ ಬಂದು ನಮ್ಮಂಗ್ಡೀಲಿ ಕೂತ್ಕೊಂಬಿಡು. ವಾಷರ್ ಸೆಕ್ಷನ್ ಖಾಲಿ ಇದೆ."

ವಾಷರ್ ಸೆಕ್ಷನ್ ಎಂದರೆ ಒಂದು ಸ್ಟೂಲು, ಹನ್ನೊಂದು ಡಬ್ಬ. ಆ ಸ್ಟೂಲನ್ನು ನಾನು ನೋಡಿದ್ದೇನೆ. ಅದರ ಮೇಲೆ ಕೂತವರು ಮತ್ತೆ ಎದ್ದದ್ದನ್ನು ನೋಡಿಲ್ಲ. ಆಗ ಆಷಾಢ. ನನ್ನ ಕೈಯಲ್ಲಿ ಮೂರು ತಿಂಗಳಿತ್ತು, ಜೇಬಿನಲ್ಲಿ ಏನೂ ಇರಲಿಲ್ಲ.

ಮೊದಲು ಬೋರ್ಡು ಬೇಕಿತ್ತು. ನನ್ನ ಎದುರುಮನೆ ಪೇಂಟರ್ ರುದ್ರಮುನಿಯವರದು. ನಲವತ್ತು ವರ್ಷದಿಂದ ಊರಿನ ಬೋರ್ಡುಗಳನ್ನೆಲ್ಲ ಬರೆದವರು ಅವರೇ. ಅವರ ಬೋರ್ಡಿನ ಮಾತು ನನ್ನ ಅಜ್ಜಿ ಪುಟ್ಟನಂಜಮ್ಮನದು: 'ರುದ್ರಮುನಿ. ಬಣ್ಣದ ಕೆಲಸ. ಬೇಗ ಮುಗಿಸುವುದಿಲ್ಲ. ಕರೆದರೆ ಬರುತ್ತಾನೆ.' ಅಜ್ಜಿ ಹೋಗಿ ವರ್ಷವಾದರೂ ಒಂದಕ್ಷರ ಮಾಸಿರಲಿಲ್ಲ. ಅಜ್ಜಿಯ ನಾಲಿಗೆಯೇ ಅಂಥದ್ದು.

"ತಾತ, ನಂಗೊಂದು ಬೋರ್ಡ್ ಬರ್ಕೊಡ್ತೀರಾ? ಲೋಗೋ, ಲೆಟರ್‌ಹೆಡ್, ಬ್ರೋಷರ್ ಅಂತೆಲ್ಲಾ ಬರ್ಬೇಕು," ಎಂದು ಕೇಳಿದೆ.

"ಅವೆಲ್ಲಾ ಏನು ಅಂತ ನಂಗೊತ್ತಿಲ್ವಲ್ಲೇ," ಎಂದರು ಅವರು, ಬೀಡಿಯ ಹೊಗೆ ಬಿಡುತ್ತಾ. "ಗೊತ್ತಿಲ್ದಿದ್ದು ಬರೆದ್ರೆ ಬೆಳಿಗ್ಗೆ ನೀನು ಹಲ್ಲುಜ್ಜೋ ಹೊತ್ಗೆ ಹೊರಟ್ಹೋಗಿರುತ್ತೆ. ನಿನ್ ಮನೇಲಿ ನನ್ ಕಣ್ಣಿಗೆ ಏನು ಕಂಡಿದ್ಯೋ ಅದನ್ನ ಬರೀತೀನಿ."

ಹನ್ನೊಂದು ದಿನ ತೆಗೆದುಕೊಂಡು ಬರೆದರು: 'ಇಲ್ಲಿ ಕಂಪ್ಯೂಟರ್ ಇದೆ.'

ಅಕ್ಷರಗಳು ಕಾಡಿಗೆಯಂತೆ ಕಪ್ಪಗಿದ್ದವು. ಊರಿಗೂರೇ ಓದಿತು, ಬಂತು. ಒಬ್ಬಾಕೆ ಮಗಳ ಜಾತಕ ತಂದಳು. ಒಬ್ಬರು ಮಗನ ಪರೀಕ್ಷೆಯ ನಂಬರು ತಂದರು. ಇನ್ನೊಬ್ಬರು ಕೆಟ್ಟ ಮಿಕ್ಸಿ ತಂದು, ಎರಡಕ್ಕೂ ವೈರು ಇದೆಯಲ್ಲ ಎಂದು ವಾದ ಮಾಡಿದರು. ಒಬ್ಬ ಮುದುಕ ಬಂದು ಅರ್ಧ ಗಂಟೆ ಸುಮ್ಮನೆ ಕೂತು ಕಂಪ್ಯೂಟರನ್ನೇ ನೋಡಿ, "ಬೋರ್ಡಲ್ಲಿ ಬರ್ದಿರೋದು ನಿಜ" ಎಂದು ಹೇಳಿ ಎದ್ದು ಹೋದ. ಲೋಗೋ ಬೇಕೆಂದು ಒಂದು ನರಪಿಳ್ಳೆಯೂ ಬರಲಿಲ್ಲ.

ಕೋರ್ಸಿನ ಕೊನೆಯ ದಿನ ನಮಗೊಂದು ಜೆರಾಕ್ಸ್ ಹಾಳೆ ಕೊಟ್ಟಿದ್ದರು, ಕಡಿಮೆ ಖರ್ಚಿನಲ್ಲಿ ಗಿರಾಕಿಗಳನ್ನು ಹುಡುಕುವುದು ಹೇಗೆ ಎಂದು. ಅದನ್ನು ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಮಾಡುತ್ತಾ ಬಂದೆ. ವಿಸಿಟಿಂಗ್ ಕಾರ್ಡ್ ಹಂಚಿ ಎಂದಿತ್ತು. ಇನ್ನೂರು ಕಾರ್ಡು ಮಾಡಿದೆ, ಬೆಳಿಗ್ಗೆ ಇನ್ನೂರೂ ಬೋಳಾಗಿದ್ದವು. ಅಕ್ಕ ಅವುಗಳ ಮೇಲೆ ಆಟಿನ್, ಇಸ್ಪೀಟು ಬಿಡಿಸಿ ಮಕ್ಕಳಿಗೆ ಆಡಲು ಕೊಟ್ಟಳು. ನೆಂಟರಿಷ್ಟರಿಗೆ ತಿಳಿಸಿ ಎಂದಿತ್ತು. ಒಂದು ನಾಮಕರಣಕ್ಕೆ ಹೋಗಿ ಇಪ್ಪತ್ತಾರು ಜನ ನೆಂಟರಿಗೆ ತಿಳಿಸಿದೆ. ಇಪ್ಪತ್ತಾರೂ ಜನ ಮದುವೆ ಯಾವಾಗ ಎಂದು ಕೇಳಿದರು. ಅದರಲ್ಲಿ ಒಬ್ಬರು, ಡಿಸೈನರ್ ಅಂದರೆ ರಂಗೋಲಿ ಹಾಕುತ್ತೀಯಾ ಎಂದು ಕೇಳಿ ನಾಲ್ಕು ಬೆರಳು ಅಗಲದ ಅಂಚಿನದು ಬೇಕೆಂದರು. ಹಾಕಿಕೊಟ್ಟೆ. ಊಟ ಚೆನ್ನಾಗಿತ್ತು.

ಕೊನೆಗೆ ಒಂದು ಕೆಲಸ ಬಿಟ್ಟಿ ಮಾಡಿಕೊಡಿ, ಅದನ್ನು ನೋಡಿ ಉಳಿದವರು ಬರುತ್ತಾರೆ ಎಂದಿತ್ತು. ಪೇಟೆಬೀದಿಯ ಟೈಲರ್ ಗೋಪಿನಾಥನ ಬೋರ್ಡು ಖಾಲಿಯಿತ್ತು. ಎದುರುಮನೆಯ ಸರೋಜಿನಿ ಟೀಚರಿಗೂ ಅವನಿಗೂ ಮಾತಿಲ್ಲ. ಹಾಗಾಗಿ ಒಂಬತ್ತು ವರ್ಷದಿಂದ ಅವನದು ಬೋಳು ಹಲಗೆ. ನಾನು ಒಂದು ಲೆಕ್ಕ ಹಾಕಿದೆ. ಈ ಅಳಿಸಿಹೋಗುವುದೆಲ್ಲ ಬಣ್ಣಕ್ಕೆ, ಮನೆಯಲ್ಲಿ ಮಾಡಿದ ಪ್ರಿಂಟಿಗೆ ಇರಬಹುದು. ದೊಡ್ಡ ಮೆಷಿನ್ನಿನಲ್ಲಿ ಹೊಡೆದ ಫ್ಲೆಕ್ಸಿಗೆ ಏನು ಮಾಡೀತು? ಗೋಪಿನಾಥ 'ಇಲ್ಲಿ ಉತ್ತಮ ರೀತಿಯಲ್ಲಿ ಬಟ್ಟೆ ಹೊಲಿದುಕೊಡಲಾಗುವುದು' ಎಂದು ಹೇಳಿದ್ದನ್ನು ಹಾಗೇ ಹಾಕಿ, ಪಕ್ಕದಲ್ಲಿ ಒಂದು ಚಂದದ ಕತ್ತರಿ ಬಿಡಿಸಿ, ಹೊರಗಿನ ಊರಿನಲ್ಲಿ ಹೊಡೆಸಿ ಬಸ್ಸಿನ ಮೇಲೆ ತರಿಸಿದೆ. ಸಂಜೆ ಕಟ್ಟಿದೆವು. ಬೀದಿಯೇ ನಿಂತು ನೋಡಿತು.

ಬೆಳಿಗ್ಗೆ ಹೋದರೆ ಮಾತು ಹೋಗಿತ್ತು, ಕತ್ತರಿ ಉಳಿದಿತ್ತು. ಹತ್ತು ಗಂಟೆಯೊಳಗೆ ಮೂರು ಜನ ಕ್ಷೌರಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದರು. ಅದರಲ್ಲಿ ಒಬ್ಬ, ಬಂದದ್ದು ಬಂದಾಯಿತು ಎಂದು ಹಟ ಹಿಡಿದು ಗೋಪಿನಾಥನ ಕೈಯಲ್ಲೇ ಮೀಸೆ ಕತ್ತರಿಸಿಕೊಂಡ. ಮೀಸೆಯ ಒಂದು ಬದಿ ಗಿಡ್ಡವಾಗಿ ಜಗಳವಾಯಿತು. ಗೋಪಿನಾಥ ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ನಾನು ಫ್ಲೆಕ್ಸು ಸುತ್ತಿಕೊಂಡು ಬರುವುದನ್ನು ರುದ್ರಮುನಿ ತಾತ ಜಗಲಿಯ ಮೇಲಿಂದ ನೋಡಿದರು. ನಕ್ಕು ನಕ್ಕು ಕೆಮ್ಮು ಹತ್ತಿ, ನೀರು ಕುಡಿದು, ಮತ್ತೆ ನಕ್ಕರು. ನನಗೆ ಅಳು ಬಂತು. ಅಲ್ಲೇ ಅವರ ಮೆಟ್ಟಿಲ ಮೇಲೆ ಕೂತು ಅತ್ತೆ ಕೂಡ.

"ಅಳಬೇಡ್ವೇ," ಎಂದರು. "ಸರೋಜಿನಿ ಟೀಚರ್ ಹತ್ರ ಹೋಗಿದ್ಯಾ?"

"ಅವರಿಗೂ ಟೈಲರಿಗೂ ಮಾತಿಲ್ವಲ್ಲ ತಾತ."

"ಅವನಿಗೆ ತಾನೆ ಮಾತಿಲ್ಲ? ನಿಂಗೇನು ಬಾಯಿಲ್ವಾ? ನೀನು ಅಂಗ್ಡಿ ನೋಡ್ಕಂಡು ಬಂದಿದೀಯ. ಬೋರ್ಡಿನ ಮಾತು ಇರೋದು ಅಂಗ್ಡಿ ಎದುರುಮನೇಲಿ. ಹೋಗಿ ಅಲ್ಲಿ ಕೂತ್ಕೋ. ಆಕೆ ಬಾಯ್ಬಿಡೋ ತನಕ ಏಳ್ಬೇಡ."

ಹೋಗಿ ಕೂತೆ. ಮೊದಲ ದಿನ ಟೀಚರ್ ಒಂದು ಗಂಟೆ ಗೋಪಿನಾಥನಿಗೆ ಶಾಪ ಹಾಕಿದರು. ಒಂಬತ್ತು ವರ್ಷದ ಹಿಂದೆ ಅವನು ಹೊಲಿದ ರವಿಕೆಯ ತೋಳು ಬಿಗಿಯಾಗಿ, ತಂಗಿಯ ಮದುವೆಯಲ್ಲಿ ಅವರಿಗೆ ಕೈಯೆತ್ತಿ ಅಕ್ಷತೆ ಹಾಕಲಾಗಲಿಲ್ಲವಂತೆ. ಎರಡನೆಯ ದಿನವೂ ಅದೇ ರವಿಕೆ, ಅದೇ ಅಕ್ಷತೆ. ಮೂರನೆಯ ದಿನ ಒಳಗೆ ಹೋಗಿ ಆ ರವಿಕೆಯನ್ನೇ ತಂದು ನನ್ನ ಮಡಿಲಿಗೆ ಎಸೆದರು. "ನೋಡು, ನೀನೇ ನೋಡು ಈ ತೋಳು! ಒಗೆದು ಒಗೆದು ಬಟ್ಟೆ ಜಾಳಾಗಿದೆ, ಆ ಪಾಪಿ ಹಾಕಿದ ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ." ನಾನು ಪೆನ್ನು ತೆಗೆದೆ.

'ತೋಳು ಬಿಗಿ ಮಾಡುತ್ತಾನೆ. ಒಂಬತ್ತು ವರ್ಷವಾದರೂ ಹೊಲಿಗೆ ಬಿಟ್ಟಿಲ್ಲ.' ಸುತ್ತ ಅಳತೆ ಟೇಪಿನ ಅಂಚು ಕೊಟ್ಟು ಇಷ್ಟನ್ನೇ ಹಾಕಿದೆ. ಬೆಳಿಗ್ಗೆ ನೋಡಿದರೆ ಅಕ್ಷರಗಳು ಇನ್ನೂ ಕಪ್ಪಾಗಿದ್ದವು. ವಾರದೊಳಗೆ ಗೋಪಿನಾಥನಿಗೆ ಬಿಡುವಿಲ್ಲದಷ್ಟು ಕೆಲಸ. ಬಂದವರೆಲ್ಲ ಬಟ್ಟೆ ಕೊಡುವ ಮೊದಲೇ "ತೋಳು ಸಡಿಲ" ಎಂದು ಹೇಳುತ್ತಿದ್ದರು, ಅವನಿಗೂ ತಲೆನೋವು ತಪ್ಪಿತು. ಅವನು ನನ್ನ ಮೊದಲ ಗಿರಾಕಿ.

ಆಮೇಲೆ ಹಿಟ್ಟಿನ ಗಿರಣಿ ಬಂತು, ಬಳೆ ಅಂಗಡಿ ಬಂತು, ಬ್ಯಾಂಡ್‌ಸೆಟ್ಟಿನವರು ಬಂದರು. ಪ್ರತಿಯೊಂದಕ್ಕೂ ನಾನು ಸಂಜೆ ತಾತನ ಜಗಲಿಗೆ ಹೋಗುತ್ತಿದ್ದೆ. ಯಾರ ಬಾಯಿ ಹೇಗೆ ಬಿಡಿಸಬೇಕೆಂದು ಅವರಿಗೆ ಗೊತ್ತಿತ್ತು. "ಆ ಮನೆಯಾಕೆ ಹತ್ರ ಮೊದಲು ನಲ್ಲಿ ನೀರಿನ ವಿಷಯ ತೆಗ್ದು ಬೈಯಿ. ಜೊತೆಗೆ ಬೈದೋರ ಹತ್ರ ಆಕೆ ಸುಳ್ಳು ಹೇಳಲ್ಲ." "ಗಿರಣಿ ಎದುರಿನ ಮೇಷ್ಟ್ರು ಇದಾನಲ್ಲ, ಅವನನ್ನ ಏನೂ ಕೇಳ್ಬೇಡ. ತಪ್ಪು ತಪ್ಪಾಗಿ ಏನಾದ್ರೂ ಓದು, ತಿದ್ದೋಕೆ ಅಂತ ಅವನೇ ಬರ್ತಾನೆ." ಆ ಹೊತ್ತಿಗೆ ಊರಿನ ಹಳೆಯ ಬೋರ್ಡುಗಳು ನನಗೆ ಬೇರೆ ಥರ ಕಾಣತೊಡಗಿದ್ದವು. ಈ ಮುದುಕ ನಲವತ್ತು ವರ್ಷ ಕಂಡವರ ಜಗಲಿಯ ಮೇಲೆ ಕೂತು, ಕಂಡವರ ಹೊಟ್ಟೆಯುರಿ ಕೇಳಿ, ಅದರೊಳಗಿಂದ ಒಂದು ನಿಜವಾದ ಒಳ್ಳೆಯ ಮಾತನ್ನು ಎತ್ತಿಕೊಂಡು ಬಂದು ಬರೆದಿದ್ದಾನೆ. ಬೇಗ ಮುಗಿಯುವುದಾದರೂ ಹೇಗೆ? ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು. ಹೇಳಲಿಲ್ಲ, ಹೇಳಿದ್ದರೆ ಬೀಡಿ ತರಲು ಓಡಿಸುತ್ತಿದ್ದರು.

ನವರಾತ್ರಿ ಶುರುವಾಗುವ ಹೊತ್ತಿಗೆ ಒಂಬತ್ತು ಗಿರಾಕಿಗಳಾಗಿದ್ದರು. ಆಯುಧಪೂಜೆಗೆ ನಾಲ್ಕು ದಿನ ಇರುವಾಗ ತಾತ ಬೀದಿ ದಾಟಿ ನನ್ನ ಕೋಣೆಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಹತ್ತನೇ ಗಿರಾಕಿ ನಾನು," ಎಂದರು. "ನನ್ ಬೋರ್ಡ್ ಬದಲಾಯ್ಸು. ಎದುರುಮನೆಯೋಳು ನೀನೇ, ಮಾತೂ ನಿಂದೇ ಆಗ್ಬೇಕು. ರುದ್ರಮುನಿ ಕೆಲ್ಸ ಬಿಟ್ಟಿದಾನೆ, ಕರೀಬೇಡಿ ಅಂತ ಹಾಕು."

ಅವರ ಬಲಗೈ ನಡುಗುತ್ತಿತ್ತು. ನಾನು ಅದನ್ನು ಎರಡು ತಿಂಗಳಿನಿಂದ ನೋಡಿಯೂ ನೋಡದ ಹಾಗೆ ಇದ್ದೆ.

"ನಿಮ್ಮಜ್ಜಿ, 'ಕರೆದರೆ ಬರುತ್ತಾನೆ' ಅಂತ ಬರ್ಸಿ ಹೋಗ್ಬಿಟ್ಳು. ಅದು ಅಲ್ಲಿರೋ ತನಕ ಜನ ಕರೀತಾರೆ, ನಾನು ಹೋಗ್ಬೇಕು. ಆಗಲ್ಲ ಅಂತ ನಾನು ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ, ಬೋರ್ಡ್ ನೋಡು ತಾತ ಅಂತಾರೆ. ಸಾಕಾಗಿದೆ ಕಣೇ."

ನನಗೆ ಖುಷಿಯಾಗಬೇಕಿತ್ತು. ಹತ್ತನೇ ಗಿರಾಕಿ ತಾನಾಗಿ ಬಾಗಿಲಿಗೆ ಬಂದಿದ್ದ, ಇಡೀ ಊರಿನ ಬೋರ್ಡಿನ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಅಜ್ಜಿಯ ಮಾತಿನ ಮೇಲೆ ಬಿಳಿ ಬಣ್ಣ ಬಳಿದು, ಅವರು ಹೇಳಿದ್ದನ್ನೇ ಚೆಂದವಾಗಿ ಬರೆದೆ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮಾತು ಇರಲಿಲ್ಲ. ಬಿಳಿ ಬಣ್ಣದ ಮೇಲೆ ಅಜ್ಜಿಯ ಮಾತು ಮತ್ತೆ ಎದ್ದು ಕೂತಿತ್ತು, ಕರೆದರೆ ಬರುತ್ತಾನೆ ಎಂದು. ಬಣ್ಣ ಸರಿಯಿಲ್ಲ ಎಂದುಕೊಂಡು ಮರುದಿನ ಬೇರೆ ಬಣ್ಣ ತಂದೆ. ಅಕ್ಷರದ ಶೈಲಿ ಬದಲಾಯಿಸಿದೆ, ಸುತ್ತ ಬ್ರಷ್ಷುಗಳ ಅಂಚು ಬಿಡಿಸಿದೆ, ಮೂಲೆಯಲ್ಲಿ ಎರಡು ಹೂವು. ಬೆಳಿಗ್ಗೆ ಅಂಚಿತ್ತು, ಹೂವಿತ್ತು, ಮಧ್ಯದಲ್ಲಿ ಅಜ್ಜಿ ಇದ್ದಳು.

ತಾತ ನನ್ನ ಮುಖ ನೋಡಿದರು. "ನಿಂಗೆ ಇಷ್ಟ ಇಲ್ಲ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೈಯಲಿಲ್ಲ.

ಅಷ್ಟರಲ್ಲೇ ಛತ್ರದ ಮ್ಯಾನೇಜರ್ ಬಂದು ಬೋರ್ಡು ಓದಿ, "ತಾತ, ನಮ್ಮ ಬೋರ್ಡು ಹಬ್ಬದೊಳಗೆ ಆಗ್ಬೇಕು, ಬನ್ನಿ" ಎಂದ. ತಾತ ಚೀಲ ತೆಗೆದುಕೊಂಡು ಹೊರಟರು. ನಾನೂ ಹಿಂದೆ ಹೋದೆ. ಅಲ್ಲಿ ಅವರು ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಿಂತು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಬ್ರಷ್ಷು ಎಳೆಯುತ್ತಿದ್ದರು. ಬಣ್ಣ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು. ಒಂದಕ್ಷರ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ನೋಡಲು ನಾಲ್ಕು ಜನ ನಿಂತಿದ್ದರು. ಮ್ಯಾನೇಜರ್ ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಪರವಾಗಿಲ್ಲ ಬಿಡಿ ತಾತ. ಹೆಂಗ್ ಬರುತ್ತೋ ಹಂಗ್ ಬರೀರಿ."

ತಾತನ ಕೈ ಅಲ್ಲೇ ನಿಂತಿತು. ನಲವತ್ತು ವರ್ಷದಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರನ ಮೇಲಲ್ಲ, ನನ್ನ ಮೇಲೆ. ಇವರು ಈ ಏಣಿಯ ಮೇಲೆ ನಿಂತಿರುವುದು ನನ್ನಿಂದ. ಇವರು ಕೆಲಸ ಬಿಟ್ಟರೆ ನಾಳೆ ನಾನು ತಪ್ಪು ಮಾಡಿದಾಗ ಯಾರ ಮೆಟ್ಟಿಲ ಮೇಲೆ ಕೂತು ಅಳಲಿ ಎಂಬ ಸ್ವಾರ್ಥಕ್ಕೆ ನಾನು ಇವರನ್ನು ಹಿಡಿದು ನಿಲ್ಲಿಸಿದ್ದೆ. ಏಣಿ ಹಿಡಿದುಕೊಂಡು, "ಇಳೀರಿ ತಾತ, ಉಳಿದಿದ್ದು ನಾನು ಬರೀತೀನಿ" ಎಂದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ಕಣ್ಣಿನಲ್ಲಿ ನೀರು. ತಾತ ಒಂದು ಸಲ ನೋಡಿ, "ನಾನೇನು ಸಾಯ್ತಿದೀನೇನೇ?" ಎಂದರು. "ಬ್ರಷ್ ಬಿಡ್ತಿದೀನಿ ಅಷ್ಟೆ. ಹೆಣ ಹೊರೋರ ಥರ ಮುಖ ಮಾಡ್ಕಂಡು ನಡೀಬೇಡ, ಜನ ನೋಡ್ತಾರೆ."

ಸಂಜೆ ಬೋರ್ಡು ಇಳಿಸಿ, ಹೂವು, ಅಂಚು ಎಲ್ಲ ಉಜ್ಜಿ ತೆಗೆದೆ. ಸಾದಾ ಅಕ್ಷರದಲ್ಲಿ ಬರೆದೆ: 'ರುದ್ರಮುನಿ ಕೆಲಸ ಬಿಟ್ಟಿದ್ದಾರೆ. ಕರೆಯಬೇಡಿ.' ಕೋರ್ಸಿನಲ್ಲಿ ಇದಕ್ಕೆ ನೂರಕ್ಕೆ ಹತ್ತು ಮಾರ್ಕೂ ಕೊಡುತ್ತಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಭಾವ ಬೀದಿಯಲ್ಲಿ ನಿಂತಿದ್ದರು, ಕಂಕುಳಲ್ಲಿ ಬೂದುಗುಂಬಳಕಾಯಿ. ಎದುರುಮನೆಯ ಬೋರ್ಡು ಓದುತ್ತಿದ್ದರು. ಅಕ್ಷರಗಳು ಕಪ್ಪಗೆ, ಗಟ್ಟಿಯಾಗಿ ನಿಂತಿದ್ದವು. ಅಜ್ಜಿಯ ಮಾತು ಎಲ್ಲೂ ಇರಲಿಲ್ಲ.

"ಇದೇನಾ ಹತ್ತನೇದು?" ಎಂದರು ಭಾವ. "ಇರೋ ಅಂಗ್ಡಿ ಮುಚ್ಚಿಸೋ ಬೋರ್ಡು!"

"ನಿಂತಿದ್ಯಲ್ಲ ಭಾವ, ನೋಡಿ."

ಭಾವ ಹೋಗಿ ಒಂದಕ್ಷರವನ್ನು ಉಗುರಿನಿಂದ ಕೆರೆದು ನೋಡಿದರು. ಬಂದು ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿದರು. ವಿಭೂತಿ ಬಳಿಯುವಾಗ ಸ್ಕ್ರೀನಿನ ಅರ್ಧ ಮುಚ್ಚಿಹೋಯಿತು. ಬೂದುಗುಂಬಳಕಾಯಿ ನನ್ನ ಬಾಗಿಲಲ್ಲೇ ಒಡೆದರು, ಕೀಬೋರ್ಡಿನವರೆಗೆ ಕುಂಕುಮ ಹಾರಿತು. ವಾಷರ್ ಸೆಕ್ಷನ್ನಿನ ಮಾತೆತ್ತಲಿಲ್ಲ. ಹೋಗುವಾಗ ಮಾತ್ರ, ತಮ್ಮ ಅಂಗಡಿಯ ಎದುರಿನ ಲಾಯರ ಹತ್ತಿರ ಒಂದು ಸಲ ಹೋಗಿ ಕೂತು ಬರಲಾದೀತೇ ಎಂದು ದನಿ ತಗ್ಗಿಸಿ ಕೇಳಿದರು.

ಮರುದಿನ ಬೆಳಿಗ್ಗೆ ಸೈಕಲ್ ಷಾಪಿನ ಮಲ್ಲಯ್ಯ ಬಂದು ತಾತನ ಮನೆ ಮುಂದೆ ನಿಂತ. ತಾತ ಜಗಲಿಯ ಮೇಲೆ, ತಮ್ಮ ಬೋರ್ಡಿನ ಕೆಳಗೇ ಕೂತಿದ್ದರು. ಮಲ್ಲಯ್ಯ ಕರೆಯಲು ಬಾಯಿ ತೆರೆದವನು ತಲೆಯೆತ್ತಿ ಓದಿದ. ಎರಡು ಸಲ ಓದಿದ. ಬಾಯಿ ಮುಚ್ಚಿಕೊಂಡು ಬೀದಿ ದಾಟಿ ನನ್ನ ಬಾಗಿಲಿಗೆ ಬಂದ.

"ಬೋರ್ಡೊಂದು ಆಗ್ಬೇಕಿತ್ತಲ್ಲಮ್ಮ. ನಮ್ಮೆದುರಿಗೆ ಇರೋದು ಆ ಕೊಡೆ ರಿಪೇರಿಯೋನು. ಭಾರಿ ಮೂಗ, ಕೇಳಿದ್ದಕ್ಕೆ ಹೂಂ ಅಂತಾನೆ, ಊಹೂಂ ಅಂತಾನೆ, ಇನ್ನೊಂದು ಮಾತಾಡಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಅವನ ಜೊತೆ ಹೊರಟೆ. ಮಾತೇ ಆಡದವನ ಬಾಯಿ ಬಿಡಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ತಾತನನ್ನು ಒಂದು ಮಾತು ಕೇಳಿಕೊಂಡು ಹೋಗೋಣ ಎಂದು ನಾಲ್ಕು ಹೆಜ್ಜೆ ಹಿಂದೆ ಬಂದೆ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ಕಂಬಕ್ಕೆ ಒರಗಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಕೈ ಮಡಿಲಲ್ಲಿತ್ತು, ನಡುಗುತ್ತಿರಲಿಲ್ಲ.

ಎಬ್ಬಿಸಲಿಲ್ಲ. ಮಲ್ಲಯ್ಯನಿಗೆ ಸದ್ದು ಮಾಡದೆ ನಡೆಯಲು ಸನ್ನೆ ಮಾಡಿ ಹೊರಟೆ.